ಕಾಡಿನ ಬೇರು, ಹೊಲದ ಬೇರು

ಗ್ರಂಥಿಗೆ ಅಂಗಡಿಗೆ ಹೋಗಿ ಕೋಷ್ಠ ಕೇಳಿದರೆ, ಅಂಗಡಿಯವರು ಬೂದು ಮಿಶ್ರಿತ ಕಂದು ಬಣ್ಣದ, ಸುಕ್ಕುಗಟ್ಟಿದ ಬೇರಿನ ತುಂಡುಗಳನ್ನು ಕಾಗದದಲ್ಲಿ ಕಟ್ಟಿ ಕೊಡುತ್ತಾರೆ. ಮೂಸಿ ನೋಡಿದರೆ ಗಾಢವಾದ ವಾಸನೆ. ಈ ಬೇರನ್ನು ಹಿಮಾಲಯದ ಕಾಡಿನಲ್ಲಿ ಅಗೆದು ತಂದರೋ, ಯಾರಾದರೂ ಹೊಲದಲ್ಲಿ ಬಿತ್ತಿ ಬೆಳೆದರೋ ಎಂದು ಕೊಳ್ಳುವವರು ಕೇಳುವುದಿಲ್ಲ. ಕೇಳಿದರೂ ಅಂಗಡಿಯವರಿಗೆ ಗೊತ್ತಿರುವುದು ಅಪರೂಪ. ಆದರೆ ಇದೇ ಬೇರು ಮೂಟೆ ಕಟ್ಟಿಸಿಕೊಂಡು ವಿದೇಶಕ್ಕೆ ಹೊರಟು ಬಂದರಿಗೆ ಬಂದಾಗ ಅಧಿಕಾರಿಗಳು ಕೇಳುವ ಮೊದಲ ಪ್ರಶ್ನೆಯೇ ಅದು. ಕಾಡಿನದಾದರೆ ಅದನ್ನು ಸಾಗಿಸುವುದು ಅಪರಾಧ. ಹೊಲದ್ದಾದರೆ ಅದು ಕೃಷಿ ಉತ್ಪನ್ನ, ರಫ್ತಿಗೆ ದಾರಿಯುಂಟು. ಎರಡೂ ಒಂದೇ ಜಾತಿ, ಒಂದೇ ರೂಪ, ಒಂದೇ ವಾಸನೆ. ಒಣಗಿಸಿ ಕತ್ತರಿಸಿದ ಮೇಲೆ ಅವುಗಳ ನಡುವೆ ಉಳಿಯುವ ವ್ಯತ್ಯಾಸ ಜೊತೆಗಿರುವ ಕಾಗದವೊಂದೇ.

ಅಳಿವಿನಂಚಿನಲ್ಲಿರುವ ಔಷಧಿ ಸಸ್ಯಗಳನ್ನು ಕಾನೂನುಬದ್ಧವಾಗಿ ಬೆಳೆದವರಿಗೆ ನೀಡುವ ಸಾಗುವಳಿ ಪ್ರಮಾಣಪತ್ರವೇ ಆ ಕಾಗದ. ಅದು ಏಕೆ ಬೇಕಾಯಿತು, ಅದರಿಂದ ಬೆಳೆಗಾರರಿಗೆ ಏನಾಯಿತು ಎಂಬುದನ್ನು ತಿಳಿಯಲು ಕೋಷ್ಠಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. (ನಮ್ಮ ಕಡೆ ಚಂಗಳಕೋಷ್ಠ ಎಂದು ಕರೆಯುವುದು ಬೇರೆಯದೇ ಗಿಡ. ಎರಡನ್ನೂ ಬೆರೆಸಿಕೊಳ್ಳಬಾರದು.)

ಅಥರ್ವವೇದದಿಂದ ಕ್ಯಾಂಟನ್‌ವರೆಗೆ

ಕೋಷ್ಠದ ವ್ಯಾಪಾರದ ಚರಿತ್ರೆ ನಮ್ಮಲ್ಲಿ ಉಳಿದಿರುವ ಅತಿ ಪ್ರಾಚೀನ ವ್ಯಾಪಾರ ಚರಿತ್ರೆಗಳಲ್ಲೊಂದು. ಅಥರ್ವವೇದದಲ್ಲಿ ‘ಕುಷ್ಠ’ವೆಂಬ ಈ ಮೂಲಿಕೆಯನ್ನೇ ಉದ್ದೇಶಿಸಿದ ಸೂಕ್ತಗಳಿವೆ. ಅದು ಹಿಮವತ್ಪರ್ವತದಲ್ಲಿ ಹುಟ್ಟಿ ಪೂರ್ವದ ಜನರ ಬಳಿಗೆ ಹೋಗುತ್ತದೆ, ಜ್ವರವನ್ನು ಓಡಿಸುತ್ತದೆ ಎಂಬ ಭಾವ ಅಲ್ಲಿದೆ. ಎಂದರೆ ಬೆಳೆಯುವ ಜಾಗ ಒಂದು, ಬಳಸುವ ಜಾಗ ಇನ್ನೊಂದು ಎಂಬುದು ಆ ಕಾಲಕ್ಕಾಗಲೇ ತಿಳಿದಿತ್ತು. ಮದ್ದಿಗೂ ಚರ್ಮರೋಗಕ್ಕೂ ಸಂಸ್ಕೃತದಲ್ಲಿ ಒಂದೇ ಹೆಸರು ನಿಂತದ್ದು ಮಾತ್ರ ವಿಚಿತ್ರ.

ಕ್ರಿ.ಶ. ಒಂದನೇ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ನೌಕಾ ಕೈಪಿಡಿಯಲ್ಲಿ ಸಿಂಧೂ ನದಿಯ ಮುಖದಲ್ಲಿದ್ದ ಬಾರ್ಬರಿಕಾನ್ ಹಾಗೂ ಇಂದಿನ ಭರೂಚ್ ಆಗಿರುವ ಬಾರಿಗಾಜಾ ರೇವುಗಳಿಂದ ಹೊರಡುವ ಸರಕುಗಳ ನಡುವೆ ‘ಕೋಸ್ಟಸ್’ ಇದೆ. ರೋಮನ್ನರು ಅದನ್ನು ಸುಗಂಧ ತೈಲಕ್ಕೂ ಔಷಧಿಗೂ ಬಳಸುತ್ತಿದ್ದರು. 1563ರಲ್ಲಿ ಗೋವೆಯಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತ ಈ ಬೇರಿಗೆ ಒಂದು ಸಂವಾದವನ್ನೇ ಮೀಸಲಿಟ್ಟ. ಇಷ್ಟಾದರೂ ಇದು ಯಾವ ಗಿಡದ ಬೇರು ಎಂಬುದು ಯುರೋಪಿನವರಿಗೆ ಸ್ಪಷ್ಟವಾದದ್ದು 1840ರ ದಶಕದಲ್ಲಿ. ಸಹಾರನ್‌ಪುರದ ಸಸ್ಯೋದ್ಯಾನದ ಮೇಲ್ವಿಚಾರಕನಾಗಿದ್ದ ಹ್ಯೂ ಫಾಲ್ಕನರ್ ಕಾಶ್ಮೀರದ ಇಳಿಜಾರುಗಳಲ್ಲಿ ಆಳೆತ್ತರಕ್ಕೂ ಮಿಗಿಲಾಗಿ ಬೆಳೆದು, ಕಡು ನೇರಳೆ ಬಣ್ಣದ ಹೂ ಬಿಡುವ ಗಿಡವನ್ನು ಕಂಡು, ಪ್ರಾಚೀನರ ಕೋಸ್ಟಸ್ ಇದೇ ಎಂದು ಸಾಧಿಸಿದ. ಗವರ್ನರ್ ಜನರಲ್ ಆಕ್ಲೆಂಡನ ಹೆಸರಿನಲ್ಲಿ ಅದಕ್ಕೆ ‘ಆಕ್ಲಾಂಡಿಯಾ’ ಎಂದು ನಾಮಕರಣವನ್ನೂ ಮಾಡಿದ. ಈಗ ಸಸ್ಯಶಾಸ್ತ್ರಜ್ಞರ ಬಳಕೆಯಲ್ಲಿ ಹೆಚ್ಚಾಗಿ ಕಾಣುವುದು ‘ಸಾಸ್ಸೂರಿಯಾ ಕೋಸ್ಟಸ್’ ಎಂಬ ಹೆಸರು.

ಆ ಹೊತ್ತಿಗೆ ದೊಡ್ಡ ಗಿರಾಕಿ ರೋಮ್ ಆಗಿರಲಿಲ್ಲ, ಚೀನಾ ಆಗಿತ್ತು. ಕಾಶ್ಮೀರದಲ್ಲಿ ಅಗೆದ ಬೇರು ಪಂಜಾಬಿನ ಬಯಲಿಗೆ ಇಳಿದು, ಕಲ್ಕತ್ತೆಯ ಬಂದರಿನಿಂದ ‘ಪುಚುಕ್’ ಎಂಬ ಹೆಸರಿನಲ್ಲಿ ಹಡಗೇರಿ ಕ್ಯಾಂಟನ್ ತಲುಪುತ್ತಿತ್ತು. ದೇವರ ಮುಂದೆ ಹಚ್ಚುವ ಊದುಕಡ್ಡಿಗೂ ಅಲ್ಲಿನ ವೈದ್ಯಕ್ಕೂ ಅದು ಬೇಕಿತ್ತು. ಕಾಶ್ಮೀರದಲ್ಲಿಯೇ ಶಾಲು ವ್ಯಾಪಾರಿಗಳು ನುಸಿ ಹತ್ತದಂತೆ ಶಾಲುಗಳ ಮಡಿಕೆಯಲ್ಲಿ ಇದರ ತುಂಡು ಇಡುತ್ತಿದ್ದರು. ಬೆಟ್ಟದಲ್ಲಿ ಅಗೆದವನ ಕೈಗೆ ಬಂದ ಬೆಲೆಗೂ ಕ್ಯಾಂಟನ್ನಿನ ಬೆಲೆಗೂ ಅಜಗಜಾಂತರ.

ಇಂಥ ಲಾಭದ ಮೇಲೆ ದೊರೆಯ ಕಣ್ಣು ಬೀಳದಿದ್ದೀತೇ? ಕೋಷ್ಠ ಕಾಶ್ಮೀರ ದರಬಾರಿನ ಏಕಸ್ವಾಮ್ಯವಾಯಿತು. 1921ರಲ್ಲಿ ಕೇವಲ ಈ ಒಂದು ಗಿಡಕ್ಕಾಗಿ ‘ಕುಠ್ ಕಾಯ್ದೆ’ ಎಂಬ ಪ್ರತ್ಯೇಕ ಕಾನೂನೇ ಜಾರಿಗೆ ಬಂತು. ಅಪ್ಪಣೆಯಿಲ್ಲದೆ ಬೇರನ್ನು ಅಗೆಯುವುದು, ಇಟ್ಟುಕೊಳ್ಳುವುದು ಶಿಕ್ಷಾರ್ಹವಾಯಿತು. ಬೊಕ್ಕಸಕ್ಕೆ ಹಣ ಬಂತಾದರೂ ಗಿಡಕ್ಕೆ ರಕ್ಷಣೆ ಸಿಗಲಿಲ್ಲ. ಬೇರು ಅಗೆದರೆ ಗಿಡ ಸತ್ತಂತೆಯೇ. ಅಗೆಯುವವರು ಬೀಜ ಉದುರುವವರೆಗೆ ಕಾಯದಿದ್ದರೆ ಆ ಇಳಿಜಾರು ಬರಿದಾಗುತ್ತದೆ. ಸರ್ಕಾರವೇ ಅಗೆಸಿದರೂ ಕಳ್ಳರು ಅಗೆದರೂ ಫಲ ಒಂದೇ.

ಗಡಿಯಾಚೆಯ ಹೊಲ

ಕಾಶ್ಮೀರದ ಕಾಯ್ದೆ ಪಕ್ಕದ ಲಾಹೌಲಿನಲ್ಲಿ ನಡೆಯುವಂತಿರಲಿಲ್ಲ. ಇಂದು ಹಿಮಾಚಲ ಪ್ರದೇಶಕ್ಕೆ ಸೇರಿರುವ ಈ ಕಣಿವೆ ಆಗ ಬ್ರಿಟಿಷ್ ಪಂಜಾಬಿನ ಕಾಂಗ್ರಾ ಜಿಲ್ಲೆಯ ಭಾಗ. ಚಂದ್ರಾ ಮತ್ತು ಭಾಗಾ ನದಿಗಳು ತಾಂಡಿಯಲ್ಲಿ ಕೂಡಿ ಚಂದ್ರಭಾಗೆಯಾಗಿ, ಮುಂದೆ ಚೀನಾಬ್ ಎನಿಸಿಕೊಳ್ಳುವ ಪ್ರದೇಶ ಅದು. ಸುಮಾರು 3,000 ಮೀಟರ್ ಎತ್ತರ, ಮಳೆ ಅತ್ಯಲ್ಪ, ಚಳಿಗಾಲದಲ್ಲಿ ರೋಹತಾಂಗ್ ಕಣಿವೆದಾರಿ ಹಿಮದಿಂದ ಮುಚ್ಚಿ ತಿಂಗಳುಗಟ್ಟಲೆ ಹೊರಜಗತ್ತಿನ ಸಂಪರ್ಕವಿರುತ್ತಿರಲಿಲ್ಲ. 1920ರ ದಶಕದಲ್ಲಿ ಅಲ್ಲಿನ ರೈತರು ಕಾಶ್ಮೀರ ಮೂಲದ ಬೀಜವನ್ನು ತಮ್ಮ ಹೊಲಗಳಲ್ಲಿ ಬಿತ್ತಿದರು. ಹಿಮದ ನೀರನ್ನು ಕಾಲುವೆಗಳಲ್ಲಿ ಹಾಯಿಸಿ ಬಾರ್ಲಿಯಂಥ ಧಾನ್ಯ ಬೆಳೆಯುತ್ತಿದ್ದವರಿಗೆ ಇದು ಮೊದಲ ದೊಡ್ಡ ವಾಣಿಜ್ಯ ಬೆಳೆಯಾಯಿತು. ಬಿತ್ತಿದ ಎರಡು ಮೂರು ವರ್ಷಕ್ಕೆ ಬೇರು ಕೀಳಬಹುದು. ಒಣಗಿದ ಬೇರು ಕೆಡುವುದಿಲ್ಲ, ಕುದುರೆ-ಹೇಸರಗತ್ತೆಗಳ ಮೇಲೆ ಕಣಿವೆ ದಾಟಿಸಬಹುದು, ತೂಕಕ್ಕೆ ಹೋಲಿಸಿದರೆ ಬೆಲೆ ಹೆಚ್ಚು. ದಾರಿಯಿಲ್ಲದ ನಾಡಿಗೆ ಇದಕ್ಕಿಂತ ಒಪ್ಪುವ ಬೆಳೆ ಇನ್ನೇನಿದ್ದೀತು!

ಮುಂದಿನ ಎರಡು ಮೂರು ದಶಕ ಲಾಹೌಲಿನ ಪಟ್ಟನ್ ಕಣಿವೆ ಕೋಷ್ಠದಿಂದ ಸಮೃದ್ಧವಾಯಿತು. ಮಾಲು ಅಮೃತಸರ ಮತ್ತು ಕಲ್ಕತ್ತೆಯ ಮೂಲಕ ಚೀನಾ ಸೇರುತ್ತಿತ್ತು. ಗಮನಿಸಬೇಕಾದ ಅಂಶವೆಂದರೆ, ಅಪರೂಪದ ಗಿಡವನ್ನು ಕಾಡಿನಿಂದ ಕೀಳದೆ ಹೊಲದಲ್ಲಿ ಬೆಳೆಯಿರಿ ಎಂದು ಇಂದು ತಜ್ಞರು ಏನನ್ನು ಉಪದೇಶಿಸುತ್ತಾರೋ ಅದನ್ನು ಲಾಹೌಲಿನ ರೈತರು ಯಾವ ಯೋಜನೆಯ ನೆರವೂ ಇಲ್ಲದೆ ಮಾಡಿ ತೋರಿಸಿದ್ದರು.

ನಂತರ ಪೆಟ್ಟು ಬಿದ್ದದ್ದು ಮಾರುಕಟ್ಟೆಯಿಂದ. 1950 ಮತ್ತು 60ರ ದಶಕಗಳಲ್ಲಿ ಚೀನಾದ ಬಾಗಿಲು ಮುಚ್ಚಿತು, ಬೆಲೆ ಕುಸಿಯಿತು. ರೈತರು ಬೀಜದ ಆಲೂಗಡ್ಡೆಯತ್ತ, ಮುಂದೆ ಬಟಾಣಿ ಮತ್ತು ಹಾಪ್ಸ್‌ನತ್ತ ಹೊರಳಿದರು. ಈ ನಡುವೆ ಚೀನಾದವರು ಭಾರತ ಮೂಲದ ಬೀಜವನ್ನು ತಮ್ಮ ಯುನ್ನಾನ್ ಪ್ರಾಂತ್ಯದಲ್ಲಿ ಬಿತ್ತಿಕೊಂಡಿದ್ದರು. ಕ್ಯಾಂಟನ್ ಇರುವ ಗುವಾಂಗ್‌ಡಾಂಗ್ ಮಾರ್ಗವಾಗಿ ಬರುತ್ತಿದ್ದ ಕಾರಣಕ್ಕೆ ಅಲ್ಲಿ ‘ಗುವಾಂಗ್ ಮು ಶಿಯಾಂಗ್’ ಎನಿಸಿಕೊಂಡಿದ್ದ ಬೇರು ‘ಯುನ್ ಮು ಶಿಯಾಂಗ್’ ಎಂಬ ಹೆಸರು ಪಡೆಯಿತು. ಹೆಸರಿನೊಳಗಿದ್ದ ಬಂದರು ಹೋಗಿ ಅದರ ಜಾಗಕ್ಕೆ ಹೊಲ ಬಂತು. ಪಶ್ಚಿಮದಲ್ಲಿಯೂ ಬೇಡಿಕೆ ಕುಗ್ಗಿತು. ಚರ್ಮಕ್ಕೆ ಒಗ್ಗದಿಕೆ ತರುತ್ತದೆಂಬ ಕಾರಣಕ್ಕೆ ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಘಟನೆಯು ಕೋಷ್ಠದ ಎಣ್ಣೆಯನ್ನು ತನ್ನ ನಿಷೇಧಿತ ಪಟ್ಟಿಗೆ ಸೇರಿಸಿತು.

ಪಟ್ಟಿಗೆ ಸೇರಿದ ಮೇಲೆ

ಅಳಿವಿನಂಚಿನ ವನ್ಯಪ್ರಾಣಿ ಹಾಗೂ ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದ, ಸಂಕ್ಷೇಪವಾಗಿ ‘ಸೈಟಿಸ್’, 1973ರಲ್ಲಿ ವಾಷಿಂಗ್ಟನ್ನಿನಲ್ಲಿ ರೂಪುಗೊಂಡು 1975ರ ಜುಲೈ 1ರಂದು ಜಾರಿಗೆ ಬಂತು. ಭಾರತ 1976ರಲ್ಲಿ ಸೇರಿತು. ಈ ಒಪ್ಪಂದದಲ್ಲಿ ಮೂರು ಅನುಬಂಧಗಳಿವೆ. ಮೊದಲನೆಯದರಲ್ಲಿರುವ ಜೀವಿಗಳ ವಾಣಿಜ್ಯ ವ್ಯಾಪಾರಕ್ಕೆ ಬಹುಮಟ್ಟಿಗೆ ಅವಕಾಶವಿಲ್ಲ. ಹುಲಿ ಇರುವುದು ಆ ಅನುಬಂಧದಲ್ಲಿ. ಎರಡನೆಯದರಲ್ಲಿರುವವುಗಳನ್ನು ಪರವಾನಗಿಯೊಡನೆ ಮಾರಬಹುದು. ಕೋಷ್ಠ 1975ರಲ್ಲಿಯೇ ಎರಡನೇ ಅನುಬಂಧದಲ್ಲಿತ್ತು. 1985ರಲ್ಲಿ ಅದು ಮೊದಲನೆಯದಕ್ಕೆ ಬಡ್ತಿ ಪಡೆಯಿತು. ಔಷಧಿಗಾಗಿ ಮಾರಾಟವಾಗುವ ಸಸ್ಯಗಳಲ್ಲಿ ಹುಲಿಯ ಸಾಲಿಗೆ ಸೇರಿದವು ತೀರಾ ಕಡಿಮೆ.

ಕಾಡಿನ ಕೋಷ್ಠಕ್ಕೆ ಈ ರಕ್ಷಣೆ ಅತ್ಯಗತ್ಯವಾಗಿತ್ತು ಎಂಬುದರಲ್ಲಿ ಸಂಶಯವಿಲ್ಲ. ವಾಯವ್ಯ ಹಿಮಾಲಯದ ಕಿರಿದಾದ ಪ್ರದೇಶವೊಂದರಲ್ಲಿ ಮಾತ್ರ ಸಹಜವಾಗಿ ಬೆಳೆಯುವ ಈ ಗಿಡ ನೂರಾರು ವರ್ಷಗಳ ಅಗೆತದಿಂದ ಕ್ಷೀಣಿಸಿತ್ತು. ತೀವ್ರವಾಗಿ ಅಪಾಯಕ್ಕೊಳಗಾದ ಸಸ್ಯವೆಂದು ಅದನ್ನು ಗುರುತಿಸಲಾಗಿದೆ. ಪ್ರಶ್ನೆ ಇದ್ದದ್ದು ಹೊಲದ ಕೋಷ್ಠದ ಬಗ್ಗೆ. ಒಪ್ಪಂದದ ಏಳನೇ ವಿಧಿಯಲ್ಲಿ ಅದಕ್ಕೆ ಉತ್ತರವಿದೆ. ಮೊದಲ ಅನುಬಂಧದ ಸಸ್ಯವನ್ನು ವಾಣಿಜ್ಯ ಉದ್ದೇಶಕ್ಕಾಗಿ ಕೃತಕವಾಗಿ ಬೆಳೆಸಿದ್ದರೆ ಅದನ್ನು ಎರಡನೇ ಅನುಬಂಧದ ಸಸ್ಯವೆಂದು ಪರಿಗಣಿಸಬೇಕು. ಆದರೆ ಬೆಳೆಸಿದ್ದು ನಿಜ ಎಂದು ರಫ್ತು ಮಾಡುವ ದೇಶ ದೃಢೀಕರಿಸಬೇಕು.

ದೇಶದೊಳಗೆ ಇನ್ನೊಂದು ಗಂಟು ಬಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ತಿದ್ದುಪಡಿ ತಂದು, ಮೊದಲ ಬಾರಿಗೆ ಸಸ್ಯಗಳ ಪಟ್ಟಿಯೊಂದನ್ನು ಸೇರಿಸಲಾಯಿತು. ಅದರಲ್ಲಿದ್ದವು ಆರೇ ನಮೂದುಗಳು: ಈಶಾನ್ಯದ ಹೂಜಿ ಗಿಡ, ಒಂದು ಸೈಕಾಸ್, ಮೂರು ಬಗೆಯ ಸೀತಾಳೆ, ಮತ್ತು ಕೋಷ್ಠ. ಉಳಿದವುಗಳನ್ನು ಹೊಲದಲ್ಲಿ ಎಕರೆಗಟ್ಟಲೆ ಬೆಳೆಯುವವರು ಇರಲಿಲ್ಲ. ಕೋಷ್ಠವನ್ನು ಬೆಳೆಯುವವರು ಇದ್ದರು. ತಿದ್ದುಪಡಿಯ ಪ್ರಕಾರ ಪಟ್ಟಿಯ ಸಸ್ಯವನ್ನು ಬೆಳೆಯಲು ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿ ಬೇಕು. ಮೊದಲಿನಿಂದ ಬೆಳೆಯುತ್ತಿದ್ದವರಿಗೆ ಅರ್ಜಿ ಹಾಕಲು ಆರು ತಿಂಗಳ ಅವಕಾಶ ಕೊಡಲಾಯಿತು. ತಂದೆ ತಾತಂದಿರ ಕಾಲದಿಂದ ಬಿತ್ತುತ್ತಿದ್ದ ಬೆಳೆಗೆ ಈಗ ಹುಲಿ ಚಿರತೆಗಳ ಮೇಲ್ವಿಚಾರಕರ ಅನುಮತಿ! ಕಾಡಿನ ಗಿಡವನ್ನು ಉಳಿಸಲು ಬಂದ ಕಾನೂನು, ಹೊಲದಲ್ಲಿ ಬೆಳೆದು ಕಾಡಿನ ಮೇಲಿನ ಹೊರೆ ಇಳಿಸಿದವನನ್ನೇ ಮೊದಲು ಹಿಡಿದು ನಿಲ್ಲಿಸಿತು ಎಂದರೆ ತಪ್ಪಾಗಲಾರದು.

1998ರ ಅಕ್ಟೋಬರ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ 29 ಸಸ್ಯಗಳನ್ನು ಹೆಸರಿಸಿ, ಕಾಡಿನಿಂದ ತಂದ ಅವುಗಳ ರಫ್ತನ್ನು ನಿಷೇಧಿಸಿತು. ಕೋಷ್ಠ, ಜಟಾಮಾಂಸಿ, ಕಟುಕಿ, ಸರ್ಪಗಂಧಿ, ರಕ್ತಚಂದನ ಅದರಲ್ಲಿವೆ. ಬೆಳೆದದ್ದಾದರೆ ಅರಣ್ಯ ಅಥವಾ ವನ್ಯಜೀವಿ ಅಧಿಕಾರಿಗಳ ಸಾಗುವಳಿ ಪ್ರಮಾಣಪತ್ರ, ಸೈಟಿಸ್ ಪಟ್ಟಿಯಲ್ಲಿದ್ದರೆ ಅದರ ಪರವಾನಗಿ, ಗೊತ್ತುಪಡಿಸಿದ ಕೆಲವೇ ಬಂದರುಗಳು — ಹೀಗೆ ದಾರಿ ತೋರಿಸಲಾಯಿತು. 2022ರಲ್ಲಿ ವನ್ಯಜೀವಿ ಕಾಯ್ದೆಗೆ ಮತ್ತೆ ದೊಡ್ಡ ತಿದ್ದುಪಡಿಯಾಗಿ, ಸೈಟಿಸ್‌ಗೆಂದೇ ಪ್ರತ್ಯೇಕ ಅಧ್ಯಾಯವೊಂದು ಸೇರಿದೆ.

ಒಂದು ಅಕ್ಷರದ ಬೆಲೆ

ಸೈಟಿಸ್ ಪರವಾನಗಿಯ ನಮೂನೆಯಲ್ಲಿ ‘ಮೂಲ’ ಎಂಬ ಒಂದು ಪುಟ್ಟ ಚೌಕವಿದೆ. ಅದರಲ್ಲಿ ಬರೆಯುವುದು ಒಂದೇ ಅಕ್ಷರ. ‘ಡಬ್ಲ್ಯು’ ಎಂದರೆ ಕಾಡಿನದು, ‘ಎ’ ಎಂದರೆ ಕೃತಕವಾಗಿ ಬೆಳೆಸಿದ್ದು, ‘ಡಿ’ ಎಂದರೆ ಮೊದಲ ಅನುಬಂಧದ್ದಾಗಿದ್ದು ವಾಣಿಜ್ಯಕ್ಕಾಗಿ ಬೆಳೆಸಿದ್ದು. ಸರಕಿನ ಹಣೆಬರಹ ಈ ಅಕ್ಷರದಲ್ಲಿದೆ.

‘ಕೃತಕವಾಗಿ ಬೆಳೆಸಿದ್ದು’ ಎನ್ನಿಸಿಕೊಳ್ಳಲು ಹೊಲದಲ್ಲಿ ಇದ್ದರಷ್ಟೇ ಸಾಲದು. ಉಳುಮೆ, ನೀರು, ಕಳೆ ತೆಗೆಯುವುದು ಮುಂತಾಗಿ ಮನುಷ್ಯನ ನಿಯಂತ್ರಣದಲ್ಲಿ ಬೆಳೆದಿರಬೇಕು. ಬೀಜ ಕೊಟ್ಟ ತಾಯಿಗಿಡಗಳನ್ನೂ ಕಾನೂನುಬದ್ಧವಾಗಿ ಪಡೆದಿರಬೇಕು. ಮತ್ತೆ ಮತ್ತೆ ಕಾಡಿನಿಂದ ಬೀಜ, ಸಸಿ ತಂದು ತುಂಬಿಸುತ್ತಿರಬಾರದು. ಕಾಡಿನ ಗಿಡವನ್ನು ಕಿತ್ತು ತಂದು ಹೊಲದಲ್ಲಿ ಒಂದು ವರ್ಷ ನೆಟ್ಟು, ಮರುವರ್ಷ ‘ಬೆಳೆ’ ಎಂದು ಮಾರುವ ಜಾಣತನವನ್ನು ತಡೆಯುವುದು ಇದರ ಉದ್ದೇಶ. ತಲೆಮಾರುಗಳಿಂದ ತಮ್ಮ ಬೆಳೆಯ ಬೀಜವನ್ನೇ ಬಿತ್ತುತ್ತ ಬಂದ ಲಾಹೌಲಿನ ರೈತರಿಗೆ ಈ ಪರೀಕ್ಷೆ ಕಷ್ಟವಲ್ಲ. ಕಷ್ಟವಿರುವುದು ಅದನ್ನು ಕಾಗದದ ಮೇಲೆ ತೋರಿಸುವುದರಲ್ಲಿ.

ವಂಚನೆಗೂ ಇಲ್ಲಿ ದಾರಿಯಿದೆ. ಒಬ್ಬ ರೈತನ ಹೊಲದಲ್ಲಿ ಐದು ಕ್ವಿಂಟಲ್ ಬೇರು ಬರುತ್ತದೆ ಎಂದುಕೊಳ್ಳೋಣ. ಅಧಿಕಾರಿ ಹೊಲ ಅಳೆಯದೆ ಹತ್ತು ಕ್ವಿಂಟಲ್ಲಿಗೆ ಪ್ರಮಾಣಪತ್ರ ಬರೆದರೆ, ಉಳಿದ ಐದು ಕ್ವಿಂಟಲ್ ಕಾಗದ ಮಾತ್ರ. ವ್ಯಾಪಾರಿ ಆ ಖಾಲಿ ಕಾಗದಕ್ಕೆ ಕಾಡಿನ ಬೇರನ್ನು ತುಂಬುತ್ತಾನೆ. ಬಂದರಿನಲ್ಲಿ ಇದನ್ನು ಕಂಡುಹಿಡಿಯುವುದು ಸುಲಭವಲ್ಲ. ಡಿಎನ್‌ಎ ಪರೀಕ್ಷೆ ಇದು ಯಾವ ಜಾತಿ ಎಂದು ಹೇಳಬಲ್ಲದು. ಲಾಹೌಲಿನಲ್ಲಿಯೇ ಬೆಳೆಯುವ, ಕೋಷ್ಠವನ್ನು ಹೋಲುವ ‘ಮನು’ ಎಂಬ ಪುಷ್ಕರಮೂಲದ ಬೇರು ಬೆರೆತಿದ್ದರೆ ಅದನ್ನೂ ಹಿಡಿಯಬಲ್ಲದು. ಆದರೆ ಒಂದೇ ಜಾತಿಯ ಎರಡು ಬೇರುಗಳಲ್ಲಿ ಯಾವುದನ್ನು ಬಿತ್ತಿದ್ದು, ಯಾವುದು ತಾನಾಗಿ ಹುಟ್ಟಿದ್ದು ಎಂದು ಹೇಳುವುದು ಅದರ ಕೆಲಸವಲ್ಲ. ಹಾಗಾಗಿ ನಿಜವಾದ ತಪಾಸಣೆ ನಡೆಯಬೇಕಾದದ್ದು ಬಂದರಿನಲ್ಲಲ್ಲ, ಬೆಳೆ ನಿಂತಿರುವಾಗ ಹೊಲದಲ್ಲಿ. ಎಷ್ಟು ವಿಸ್ತೀರ್ಣ, ಎಷ್ಟು ವರ್ಷದ ಬೆಳೆ, ಎಷ್ಟು ಇಳುವರಿ ಬರಬಹುದು ಎಂಬ ಲೆಕ್ಕ ಅಲ್ಲಿಯೇ ಆಗಬೇಕು.

ಗಂಧದ ನಾಡಿನಲ್ಲಿ

ಕನ್ನಡಿಗರಿಗೆ ಈ ಕಥೆ ಅಪರಿಚಿತವೆನಿಸಲಾರದು. 1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಅರಸರ ಕಾಲ ಮುಗಿದರೂ ಆ ಪದ್ಧತಿ ಮುಗಿಯಲಿಲ್ಲ. ಹಿತ್ತಿಲಿನಲ್ಲಿ ತಾನಾಗಿ ಹುಟ್ಟಿದ ಗಂಧದ ಮರವೂ ಸರ್ಕಾರದ್ದೇ. ಜಮೀನಿನ ಒಡೆಯನಿಗೆ ಸಲ್ಲುತ್ತಿದ್ದುದು ಮೌಲ್ಯದಲ್ಲಿ ಒಂದು ಪಾಲು ಮಾತ್ರ, ಕಾಯುವ ಭಯ ಮಾತ್ರ ಪೂರ್ತಿ ಅವನದು. ಹೀಗಿರುವಾಗ ಗಂಧದ ಸಸಿ ಕಂಡರೆ ಕಿತ್ತೆಸೆಯುವುದೇ ಕ್ಷೇಮವೆಂದು ರೈತ ಭಾವಿಸಿದ್ದರೆ ಆಶ್ಚರ್ಯವಿಲ್ಲ. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಮಾಡಿ, ತನ್ನ ಜಮೀನಿನ ಗಂಧದ ಮರಕ್ಕೆ ಆತನೇ ಒಡೆಯ ಎಂದ ಮೇಲೆಯೇ ರಾಜ್ಯದಲ್ಲಿ ಗಂಧದ ತೋಟಗಳನ್ನು ಮಾಡುವ ಆಸಕ್ತಿ ಚಿಗುರಿದ್ದು.

ಸರ್ಪಗಂಧಿಯ ಪಾಡು ಇನ್ನೊಂದು ಬಗೆ. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಈ ಬೇರು ರಕ್ತದೊತ್ತಡ ಇಳಿಸುತ್ತದೆಂದು ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಅದರಿಂದ ರೆಸರ್ಪೀನ್ ಬೇರ್ಪಡಿಸಿದರು. ಪಶ್ಚಿಮಘಟ್ಟದ ಕಾಡುಗಳೂ ಸೇರಿದಂತೆ ದೇಶದಲ್ಲೆಲ್ಲ ಅಗೆಯುವ ಧಾವಂತ ಶುರುವಾಯಿತು. 1990ರಲ್ಲಿ ಸರ್ಪಗಂಧಿ ಸೈಟಿಸ್‌ನ ಎರಡನೇ ಅನುಬಂಧ ಸೇರಿತು. ಅಷ್ಟರಲ್ಲಿ ಔಷಧಿ ಕಂಪನಿಗಳು ಆಫ್ರಿಕಾದ ಸೋದರ ಜಾತಿಯೊಂದರ ಬೇರಿನಿಂದ ರೆಸರ್ಪೀನ್ ತೆಗೆಯಲು ಕಲಿತಿದ್ದವು. ಕೋಷ್ಠದಂತೆಯೇ ಇಲ್ಲಿಯೂ ಪಟ್ಟಿ ಬಂದದ್ದು ಮಾರುಕಟ್ಟೆ ಕೈಜಾರಿದ ಮೇಲೆ.

ಪ್ರಮಾಣಪತ್ರದ ದಾರಿ ಸ್ವಲ್ಪವಾದರೂ ಫಲಿಸಿದ್ದು ರಕ್ತಚಂದನದಲ್ಲಿ. ಆಂಧ್ರದ ಶೇಷಾಚಲ ಸುತ್ತಮುತ್ತಲ ಬೆಟ್ಟಗಳ ಈ ಮರ 1995ರಲ್ಲಿ ಎರಡನೇ ಅನುಬಂಧಕ್ಕೆ ಸೇರಿತು. ಕಳ್ಳಸಾಗಣೆ ನಿಲ್ಲದ ಕಾರಣ 2004ರಿಂದ ಭಾರತದ ರಕ್ತಚಂದನ ವ್ಯಾಪಾರವನ್ನು ಸೈಟಿಸ್ ವಿಶೇಷ ಪರಿಶೀಲನೆಯಲ್ಲಿ ಇರಿಸಿತು. 2012ರಲ್ಲಿ ತೋಟದ ಮರಕ್ಕೆ ವರ್ಷಕ್ಕೆ 310 ಟನ್ ರಫ್ತು ಮಿತಿ ಗೊತ್ತಾಯಿತು. ತೋಟದ ಮರದ ರಫ್ತಿನಿಂದ ಕಾಡಿನ ಮರಕ್ಕೆ ಹಾನಿಯಿಲ್ಲ ಎಂಬುದನ್ನು ಅಂಕಿ-ಅಂಶಗಳ ಸಹಿತ ಮನವರಿಕೆ ಮಾಡಿಕೊಟ್ಟ ಬಳಿಕ, 2023ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ನಡೆದ ಸ್ಥಾಯಿ ಸಮಿತಿಯ ಸಭೆ ಭಾರತವನ್ನು ಆ ಪರಿಶೀಲನೆಯಿಂದ ಕೈಬಿಟ್ಟಿತು. ಹತ್ತೊಂಬತ್ತು ವರ್ಷ ಹಿಡಿಯಿತು. ರಕ್ತಚಂದನ ಬೆಳೆಯಲು ಕೂಡ ಅಷ್ಟೇ ತಾಳ್ಮೆ ಬೇಕು ಎಂಬುದು ಬೇರೆ ಮಾತು.

ಮರ ಕಾದೀತು, ಕೋಷ್ಠ ಕಾಯದು. ಅದನ್ನು ಅಗೆಯುವುದು ಶರತ್ಕಾಲದಲ್ಲಿ, ಹಿಮ ಬೀಳುವ ಮುನ್ನ. ಅಷ್ಟರೊಳಗೆ ಅರ್ಜಿ ಕೊಟ್ಟು, ಪಹಣಿ ತೋರಿಸಿ, ಅಧಿಕಾರಿಯನ್ನು ಹೊಲಕ್ಕೆ ಕರೆತಂದು, ನಿಂತ ಬೆಳೆಯ ಲೆಕ್ಕ ಬರೆಸಿಕೊಳ್ಳಬೇಕು. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಲಾಹೌಲಿಗೆ ಚಳಿಗಾಲದಲ್ಲಿಯೂ ದಾರಿಯಾಗಿದೆ, ಅಧಿಕಾರಿಗಳು ಬರಲು ರೋಹತಾಂಗ್‌ನ ಹಿಮ ಕರಗುವುದನ್ನು ಕಾಯಬೇಕಿಲ್ಲ. ಆದರೆ ತಡವಾಗಿ ಬಂದರೆ ಅವರಿಗೆ ಕಾಣುವುದು ಅಗೆದ ಮಣ್ಣು, ಮತ್ತು ಮಾಳಿಗೆಯ ಮೇಲೆ ಒಣಹಾಕಿದ ಬೇರು. ಅದು ಆ ಮಣ್ಣಿನದೇ ಎನ್ನಲು ಆಗ ಇರುವ ಸಾಕ್ಷಿ ರೈತನ ಮಾತೊಂದೇ.